ಅಮ್ಮನಿಗೆ ಹೇಳದ ಕಾಯಿಲೆ

ರಾಬರ್ಟ್‌ಸನ್‌ಪೇಟೆಯ ಬಟ್ಟೆಯಂಗಡಿಯಲ್ಲಿ ಭಾನುಪ್ರಿಯ ಸೀರೆ ಮಡಚುತ್ತಿದ್ದಾಗ ಪಕ್ಕದ ಮನೆಯ ಗಂಗರತ್ನಮ್ಮನ ಫೋನ್ ಬಂತು.

"ನಿಮ್ಮಮ್ಮ ಮನೇಲಿಲ್ಲ ಕಣೆ. ಬಾಗ್ಲು ತೆಗ್ದೇ ಐತೆ. ಕೊಟ್ಟಿಗೇಲಿ ಅಸು ಬ್ಯಾರೆ ಕೂಗ್ತಾ ಐತೆ."

ಸೀರೆಯನ್ನು ಅಲ್ಲೇ ಬಿಟ್ಟು ಅವಳು ಬಂಗಾರಪೇಟೆಯ ಬಸ್ಸು ಹತ್ತಿದಳು. ಅವರ ಊರು ಬಂಗಾರಪೇಟೆಯ ಆಚೆಗೆ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ.

ಅಮ್ಮ ಆದಿಲಕ್ಷ್ಮಮ್ಮನ ಹೊಟ್ಟೆ ಬೇಸಿಗೆಯಲ್ಲಿ ಊದಿಕೊಂಡಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದರು. ಲಿವರ್ ಗಟ್ಟಿಯಾಗಿ ಕುಗ್ಗಿದೆ, ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದ್ದರು. ಅಮ್ಮ ಎದೆಗುಂದುತ್ತಾಳೆಂದು ಭಾನುಪ್ರಿಯ, "ಬರೀ ಗ್ಯಾಸಮ್ಮ, ಮಾತ್ರೆಗೆ ಓಗ್ತದೆ" ಅಂದುಬಿಟ್ಟಳು.

ಅಂದಿನಿಂದ ಅಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸುವಳು. ಉಪ್ಪಿಲ್ಲದ ಸಾರಿನ ತಟ್ಟೆಯನ್ನು ತಳ್ಳುವಳು. ಇದ್ದಕ್ಕಿದ್ದಂತೆ ಅಳುವಳು. ಕುಡುಕರಿಗೆ ಬರೋ ಕಾಯಿಲೆಯಂತೆ ಎಂದು ನಲ್ಲಿಯ ಹತ್ತಿರ ಯಾರೋ ಅಂದ ಮೇಲೆ ನೀರಿಗೆ ಹೋಗುವುದನ್ನೂ ಬಿಟ್ಟಳು. ಭಾನುಪ್ರಿಯಳ ಬಾಯಲ್ಲಿ ಮಾತ್ರ ಒಂದೇ ಮಾತು: "ಏನೂ ಇಲ್ಲಮ್ಮ, ಸುಮ್ಕೆ ಮಲಕ್ಕೊ."

ಈ ಕಾಯಿಲೆಯಲ್ಲಿ ಬುದ್ಧಿ ಮಂಕಾಗುವುದುಂಟು ಎಂದೂ ಡಾಕ್ಟರು ಎಚ್ಚರಿಸಿದ್ದರು. ಬಸ್ಸಿಳಿದು, ಅಮ್ಮ ರೈಲಿನ ಕಡೆಗೇನಾದರೂ ಬಂದಿರಬಹುದೇ ಎಂದು ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವಾಗ ಅದೇ ನೆನಪಾಯಿತು. ಹಳಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ನೋಡದೆ ಇರಲೂ ಆಗಲಿಲ್ಲ.

ಅಷ್ಟರಲ್ಲಿ ಚಿನ್ನದ ಗಣಿಯ ಕಾಲೊನಿ ಕೋರಮಂಡಲ್‌ನಿಂದ ಮಾರಿಯಮ್ಮನ ಫೋನ್. ಗಣಿ ನಡೆಯುತ್ತಿದ್ದಾಗಿನಿಂದ ಆದಿಲಕ್ಷ್ಮಮ್ಮ ಹಾಲು ಹಾಕುತ್ತಿದ್ದ ತಮಿಳರ ಮನೆ ಅದು.

"ಗಾಬರಿ ಬೇಡ ಕಣ್ಣು. ಅಮ್ಮ ಇಲ್ಲೇ ದಾ ಇದಾಳೆ."

ಭಾನುಪ್ರಿಯ ಆಟೋ ಇಳಿಯುವಾಗ ಅಮ್ಮ ಮಾರಿಯಮ್ಮನ ಮನೆಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು. ಭಾನುಪ್ರಿಯಳ ಭಯವೆಲ್ಲ ಸಿಟ್ಟಾಗಿ ಹೊರಬಿತ್ತು.

"ಒಂದ್ ಮಾತು ಯೋಳ್ದೆ ಯಾಕಮ್ಮ ಬಂದೆ?"

"ನೀನ್ ಯೋಳಿದ್ಯೇನೆ ನಂಗೆ?" ಅಮ್ಮ ನಿಂತಳು. "ಒಟ್ಟೆ ನಂದು. ಅದ್ರೊಳ್ಗೇನೈತೆ ಅಂತ ಊರಿಗೆಲ್ಲ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ. ಸಾಯ್ತೀನಾ ಅಂತ ಯಾರನ್ ಕೇಳ್ಲಿ, ಗೋಡೇನಾ?"

ಮಾರಿಯಮ್ಮ ಭಾನುಪ್ರಿಯಳನ್ನು ಜಗಲಿಯ ಮೇಲೆ ಕೂರಿಸಿದಳು. "ನಮ್ ಯಜಮಾನ್ರ ಎದೇಲಿ ಗಣಿ ಧೂಳು ತುಂಬಿತ್ತು. ನಾವು ಬರೀ ಕೆಮ್ಮು ಅಂದ್ವಿ. ಪಾವಂ, ಕೊನೇವರ್ಗೂ ನಮ್ ಮುಖಾನೇ ನೋಡ್ತಾ ಇದ್ರು. ಹೇಳ್ಬಿಡಮ್ಮ."

ಭಾನುಪ್ರಿಯ ಹೇಳಿದಳು. ಅಮ್ಮ ಅಳಲಿಲ್ಲ.

"ಕುಡೀದೇ ಇದ್ರೂ ಬತ್ತದಾ?" ಎಂದಳು ಮೊದಲು.

"ಬತ್ತದಮ್ಮ. ನಿಂಗೆ ವೈರಸ್ಸಿಂದ ಬಂದಿರೋದು."

"ಅದ್ನ ಆ ನಲ್ಲಿತಾವ ನಿಂತ್ಕೊಂಡು ಯೋಳು." ಆಮೇಲೆ ಕೇಳಿದಳು, "ಸಾಯ್ತೀನಾ?"

"ಗೊತ್ತಿಲ್ಲಮ್ಮ. ಔಷ್ದಿ ತಗೊಂಡು ಉಷಾರಾಗಿದ್ರೆ ತಡೀಬೋದು ಅಂದವ್ರೆ. ನಂಗೂ ಬಯ ಆಗ್ತೈತೆ."

ಅಮ್ಮ ಅವಳ ಪಕ್ಕದಲ್ಲಿ ಬಂದು ಕುಳಿತಳು. ಮಾರಿಯಮ್ಮ ಸಕ್ಕರೆ ಕಮ್ಮಿಯ ಟೀ ತಂದಳು. ಯಾರೂ ಕುಡಿಯಲಿಲ್ಲ.

ಮುಂದಿನ ವಾರ ಕೋಲಾರದಲ್ಲಿ ಡಾಕ್ಟರನ್ನು ಪ್ರಶ್ನೆ ಕೇಳಿದವಳು ಆದಿಲಕ್ಷ್ಮಮ್ಮನೇ. ನಿದ್ದೆಗೇಡಿಗೆ, ಚಡಪಡಿಕೆಗೆ ಲಿವರೂ ಒಂದು ಕಾರಣವೆಂದು ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು. ಮನಸ್ಸಿನ ಡಾಕ್ಟರನ್ನೂ ಕಾಣಬೇಕೆಂದರು.

"ನಂಗೇನ್ ಉಚ್ಚು ಇಡ್ದೈತಾ?" ಎಂದು ಅಮ್ಮ ಮಗಳ ಮೇಲೆ ರೇಗಿದಳು. ಆದರೂ ಹೋದಳು. "ನೀನ್ ಆಚೆ ಕೂತ್ಕೊ" ಎಂದು ಒಳಗೆ ಒಬ್ಬಳೇ ನಡೆದಳು. ಬಹಳ ಹೊತ್ತು ಬರಲಿಲ್ಲ. ಹೊರಬಂದಾಗ ಕಣ್ಣು ಕೆಂಪಾಗಿತ್ತು. ಏನು ಮಾತಾಡಿದೆ ಎಂದು ಭಾನುಪ್ರಿಯ ಕೇಳಲಿಲ್ಲ.

ಚಡಪಡಿಕೆ ಹೋಗಿಲ್ಲ. ಕೆಲವು ದಿನ ಅಮ್ಮ ಈಗಲೂ ಚಾಪೆಯಿಂದ ದಿಗ್ಗನೆ ಎದ್ದು ಹೊರಗೆ ನಡೆಯುತ್ತಾಳೆ. ಭಾನುಪ್ರಿಯ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಡುತ್ತಾಳೆ.

"ಬಯಾನಾ ಅಮ್ಮ?"

"ಇವತ್ತು ಬಯ ಅಲ್ಲ ಕಣೆ, ಕ್ವಾಪ."

"ಯಾರ್ ಮ್ಯಾಲೆ?"

"ಗೊತ್ತಿಲ್ಲ. ಬಾ, ಕೆರೆ ಏರಿಗಂಟ ಓಗಿ ಬರಾನ."