ಚಿತ್ತಾಪುರದ ದೀಪ ಆರುವ ತನಕ

ಆ ಸೋಮವಾರ ಮಧ್ಯಾಹ್ನ ಧೀರೇಂದ್ರ ಮಾಸ್ತರರು ಪೂಜೆ ಮುಗಿಸಿ ಊಟಕ್ಕೆ ಕೂತಿದ್ದರು. ಹೆಂಡತಿ ನರ್ಮದಾಬಾಯಿ ಮುಂಜಾನೆ ಬಸ್ಸಿಗೆ ಚಿತ್ತಾಪುರಕ್ಕೆ ಹೊರಡುವಾಗ ಅನ್ನ ತೊವ್ವೆ ಮಾಡಿ ಮುಚ್ಚಿಟ್ಟಿದ್ದರು. ಮೊದಲ ತುತ್ತು ಬಾಯಿಗೆ ಹೋಯಿತು. ತೊವ್ವೆಗೆ ಉಪ್ಪಿರಲಿಲ್ಲ. ಊರು ತಿರುಗುವ ಅವಸರದಲ್ಲಿ ಉಪ್ಪು ಹಾಕುವುದನ್ನೂ ಮರೆತಿದ್ದಾಳೆ, ಬಂದ ಮೇಲೆ ಕೇಳಬೇಕು ಎಂದು ಅವರು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಾಗ ಫೋನು ಬಂತು. ಮಾತನಾಡಿದವರು ಸೈದಾನಬಿ. ಹೆಣ್ಣುಮಕ್ಕಳ ಶಾಲೆಯಲ್ಲಿ ನರ್ಮದಾಬಾಯಿಯ ಜೊತೆ ಇಪ್ಪತ್ತಾರು ವರ್ಷ ಪಾಠ ಹೇಳಿದವರು, ಅಂದು ಚಿತ್ತಾಪುರಕ್ಕೂ ಜೊತೆಗೇ ಹೋದವರು. ನರ್ಮದಕ್ಕ ಬಸ್ ನಿಲ್ದಾಣದ ಹಿಂದಿನ ಹಳೇ ಬಾವಿಯ ಕಟ್ಟೆಯ ಮೇಲೆ ಕೂತರು, ಕೂತವರು ಹಾಗೇ ಒರಗಿದರು, ದವಾಖಾನೆಗೆ ಒಯ್ದೆವು ಎಂದು ಒಂದೊಂದೇ ಹೇಳಿದರು. ಮಾಸ್ತರರು ಈಗ ಹೇಗಿದ್ದಾಳೆ ಎಂದು ಕೇಳಿದರು. 

"ನೀವು ಬರೂದು ಬ್ಯಾಡ್ರಿ ಮಾಸ್ತರ," ಎಂದರು ಸೈದಾನಬಿ. "ನಾವೇ ಕರ್ಕೊಂಡು ಬರ್ಲಿಕತ್ತೀವಿ."

ಸೇಡಂನ ಅವರ ಮನೆಗೆ ಸಂಜೆ ನಾಲ್ಕಕ್ಕೆ ಗಾಡಿ ಬಂತು. ಆದಿತ್ಯನಗರದ ತನ್ನ ಮನೆಯಿಂದ ಮಗಳು ವಿಜಯಶ್ರೀ ಅದಕ್ಕಿಂತ ಮೊದಲೇ ಬಂದಿದ್ದಳು. ಗಂಡುಮಕ್ಕಳಿಲ್ಲದ ಕಾರಣ ಕರ್ಮಕ್ಕೆ ಮಾಸ್ತರರೇ ಕೂರಬೇಕಾಯಿತು. ಎಲ್ಲ ಮುಗಿದ ಮೇಲೆ, ದೇಹ ಮಲಗಿಸಿದ್ದ ಜಾಗದಲ್ಲಿ ಪದ್ಧತಿಯಂತೆ ಒಂದು ದೀಪ ಇಟ್ಟರು. ಹತ್ತು ದಿನ ಅದು ಆರಬಾರದು. ಪುರೋಹಿತರಾದ ಕೌಸ್ತುಭಾಚಾರ್ಯರು ಇನ್ನೊಂದು ಮಾತನ್ನೂ ಹೇಳಿ ಹೋದರು: ಹತ್ತು ದಿನ ಮುಗಿಯುವವರೆಗೆ ಕರ್ತೃವಾದವನು ಊರ ಸೀಮೆ ದಾಟುವಂತಿಲ್ಲ.

ಎರಡನೆಯ ದಿನ ಮುಂಜಾನೆ ನರ್ಮದಾಬಾಯಿಯ ಫೋನು ಗೂಡಿನಲ್ಲಿ ಕಿಣಿಕಿಣಿ ಎಂದಿತು. ಸತ್ತವಳ ಫೋನಿಗೆ ಯಾರಪ್ಪ ಎಂದು ಮಾಸ್ತರರು ಸಿಟ್ಟಿನಿಂದಲೇ ಎತ್ತಿಕೊಂಡರು. ಪರದೆಯ ಮೇಲೆ ಕನ್ನಡದಲ್ಲೇ ಬರೆದಿತ್ತು: "ನರ್ಮದಾ, ಚಿಂಚೋಳಿಯ ನಿಮ್ಮ ದೀಪದಲ್ಲಿ ಇನ್ನು ನಾಲ್ಕು ದಿನದ ಎಣ್ಣೆ ಇದೆ."

ಅದು ಆಟ. 'ಊರದೀಪ' ಎಂದು ಅದರ ಹೆಸರು. ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ, ಸುಮ್ಮನೆ ನಡೆಯಲು ಬೇಸರ ಎಂದು ನರ್ಮದಾಬಾಯಿಯೂ ಸೈದಾನಬಿಯೂ ಕೂಡಿ ಹಿಡಿದ ಆಟ. ಯಾವುದೋ ಊರಿನ ಕಟ್ಟೆ, ಬಾವಿ, ಕಮಾನಿನ ಹತ್ತಿರ ನಲವತ್ತು ಹೆಜ್ಜೆಯೊಳಗೆ ನಿಂತು ಫೋನು ಒತ್ತಿದರೆ ಅಲ್ಲೊಂದು ದೀಪ ಹೊತ್ತುತ್ತದೆ, ಕೆಳಗೆ ಹಚ್ಚಿದವರ ಹೆಸರು ಬರುತ್ತದೆ. ಆ ಆಟ ಆಡುವ ಯಾರೇ ಅಲ್ಲಿಗೆ ಬಂದರೂ ಹೆಸರು ಕಾಣುತ್ತದೆ. ಮೂವತ್ತು ದಿನದೊಳಗೆ ಮತ್ತೆ ಬಂದು ಎಣ್ಣೆ ಹಾಕದಿದ್ದರೆ ದೀಪವೂ ಹೋಯಿತು, ಹೆಸರೂ ಹೋಯಿತು. ನರ್ಮದಾಬಾಯಿ ನಾಲ್ಕು ದೀಪಗಳನ್ನು ವರ್ಷದಿಂದ ಆರದಂತೆ ನೋಡಿಕೊಂಡಿದ್ದರು. ಚಿಂಚೋಳಿಯ ಬನ್ನಿ ಕಟ್ಟೆ, ಶಹಾಬಾದದ ಕಲ್ಲಿನ ಕಮಾನು, ವಾಡಿ ಸ್ಟೇಷನ್ನಿನ ಮೇಲ್ಸೇತುವೆ, ಚಿತ್ತಾಪುರದ ಬಾವಿ. ಸೇಡಂನಲ್ಲಿ ಮಾತ್ರ ಹಚ್ಚಿರಲಿಲ್ಲ. ಇಲ್ಲಿಯ ದೀಪ ದಿನಾ ದೇವರ ಮುಂದೆ ಹಚ್ಚುತ್ತೇನಲ್ಲ ಎನ್ನುತ್ತಿದ್ದರು.

ಈ ಆಟವನ್ನು ಮಾಸ್ತರರು ಬೈಯದ ದಿನವಿರಲಿಲ್ಲ. ಅರವತ್ತನಾಲ್ಕು ವರ್ಷದ ಹೆಂಗಸು ಫೋನು ಹಿಡಿದು ಸ್ಟೇಷನ್ ಮೆಟ್ಟಿಲು ಹತ್ತುವುದೇನು, ಜನ ನೋಡಿ ನಗುವುದೇನು. ಈಗ ಆ ಪರದೆಯ ಮೇಲೆ ನಾಲ್ಕು ಸಣ್ಣ ದೀಪ, ನಾಲ್ಕರ ಕೆಳಗೂ ಆಕೆಯ ಹೆಸರು. ಚಿಂಚೋಳಿ, ಶಹಾಬಾದದವು ಆರನೆಯ ದಿನಕ್ಕೆ ಆರುತ್ತವೆ. ವಾಡಿಯದು ಎಂಟನೆಯ ದಿನಕ್ಕೆ. ಚಿತ್ತಾಪುರದ್ದನ್ನು ಅದೇ ಸೋಮವಾರ ಹನ್ನೊಂದು ಹತ್ತಕ್ಕೆ ತುಂಬಿಸಿ, ಆಕೆ ಕಟ್ಟೆಯ ಮೇಲೆ ಕೂತದ್ದು. ಮಾಸ್ತರರು ನೆಲದ ದೀಪವನ್ನು ನೋಡಿದರು, ಕೈಯೊಳಗಿನ ದೀಪಗಳನ್ನು ನೋಡಿದರು. ಮನೆಯ ದೀಪ ಆರಬಾರದು ಎಂದಾದರೆ ಇವು ಮಾತ್ರ ಯಾಕೆ ಆರಬೇಕು ಎಂದು ಅವರಿಗೆ ಅನ್ನಿಸಿತು. ಒಮ್ಮೆ ಅನ್ನಿಸಿದ್ದು ಮತ್ತೆ ಬಿಡಲಿಲ್ಲ.

ಸೈದಾನಬಿ ಅಂಗಳದಲ್ಲೇ ನಿಂತು, ಫೋನು ಕೊಡಿ, ನಾನು ಎರಡು ದಿನದಲ್ಲಿ ಮೂರೂ ಊರು ಸುತ್ತಿ ಬರುತ್ತೇನೆ ಎಂದರು. ಅದು ಸರಿಯಾದ ಮಾತು. ಮಾಸ್ತರರು ಕೊಡಲಿಲ್ಲ. ಆ ಫೋನಿನಲ್ಲಿ ಆಕೆಯ ದನಿ ಇತ್ತು, ಫೋಟೋ ಇದ್ದವು, ಅದನ್ನು ಕೈಯಿಂದ ಬಿಡಲು ಆಗದು ಎಂದು ಹೇಳಿದರು. ಹೇಳದೆ ಇಟ್ಟುಕೊಂಡದ್ದು ಬೇರೆ. ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ಆಕೆಯನ್ನು ಕೊಂದವಳು ಇವಳೇ ಎಂಬುದು. ಮುಖದ ಮೇಲೆ ಅದು ಬರೆದಿತ್ತೋ ಏನೋ, ಸೈದಾನಬಿ ಸೆರಗು ಸರಿ ಮಾಡಿಕೊಂಡು ಹೊರಟುಹೋದರು.

ಮರುದಿನ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿ ಮುಕ್ರಮನಿಗೆ ಫೋನು ಮಾಡಿದರು. ಸೇಡಂ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಇಬ್ಬರು ಮಕ್ಕಳ ತಂದೆಯಾದವನು. ಕೂತಲ್ಲೇ ಕೂತು, ನಾನು ಚಿಂಚೋಳಿಯಲ್ಲಿದ್ದೇನೆ ಎಂದು ಫೋನನ್ನು ನಂಬಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ಅದಕ್ಕೆಂದೇ ಒಂದು ಆ್ಯಪ್ ಇದೆ, ಆದರೆ ಆಟದ ಕಂಪನಿಯವರಿಗೆ ಗೊತ್ತಾದರೆ ಕಷ್ಟ ಎಂದ ಮುಕ್ರಮ. ಬರುತ್ತೇನೆ ಎಂದವನು ಅಂಗಡಿಯ ಕೆಲಸದಲ್ಲಿ ಸಿಕ್ಕಿ, ಬಂದದ್ದು ಆರನೆಯ ದಿನ ಮುಂಜಾನೆ ಒಂಬತ್ತೂಮುಕ್ಕಾಲಿಗೆ. ಚಿಂಚೋಳಿಯ ದೀಪ ಆರಲು ಅರ್ಧ ತಾಸು ಉಳಿದಿತ್ತು. ಶಹಾಬಾದದ್ದು ಹನ್ನೊಂದೂವರೆಗೆ ಆರುವುದಿತ್ತು.

ಅದೇ ಹೊತ್ತಿಗೆ ಸೈದಾನಬಿಯೂ ಬಂದರು. ಮುಕ್ರಮ ಮಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದರು.

"ಮೂವತ್ತೈದು ವರ್ಷ ಹಾಜರಿ ತಗೊಂಡವರು ನೀವು," ಎಂದರು. "ಈಗ ನೀವೇ ಸುಳ್ಳ ಹಾಜರಿ ಹಾಕ್ಲಿಕತ್ತೀರಿ?"

 ಮಾತು ನೆಟ್ಟಗೆ ಮಾಸ್ತರರ ಎದೆಗೆ ಬಂದು ನಾಟಿತು. ತರಗತಿಯಲ್ಲಿ ಒಬ್ಬನ ಹೆಸರಿಗೆ ಇನ್ನೊಬ್ಬ ಹಾಜರ್ ಎಂದರೆ ಇಬ್ಬರಿಗೂ ಬೆತ್ತ ಕೊಟ್ಟ ಕೈ ಅದು. ಅದರ ಮೇಲೆ ಸೂತಕದ ದಿನ, ದರ್ಭೆ ಹಿಡಿದ ಕೈ. ದೇವರು ನೋಡುತ್ತಿದ್ದಾನೆ ಎಂಬುದು ಅವರಿಗೆ ಮರೆತಿರಲಿಲ್ಲ. ಆದರೂ ಹತ್ತು ಗಂಟೆಗೆ ಅವರು ಸೇಡಂನ ತಮ್ಮ ಪಡಸಾಲೆಯಲ್ಲಿ ಕೂತು ಚಿಂಚೋಳಿಯ ಬನ್ನಿ ಕಟ್ಟೆಯ ದೀಪಕ್ಕೆ ಎಣ್ಣೆ ಹಾಕಿದರು. ದೀಪ ಎದ್ದು ಉರಿಯಿತು.

ಮುಕ್ರಮ ಅಂಗಡಿಗೆ ಹೊರಡುವ ಮೊದಲು ಬಿಡಿಸಿ ಹೇಳಿದ. ಒಂದು ಊರಲ್ಲಿ ಒತ್ತಿದ ಮೇಲೆ, ಅಲ್ಲಿಂದ ಮುಂದಿನ ಊರಿಗೆ ಬಸ್ಸಿನಲ್ಲಿ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರಬೇಕು. ಇಲ್ಲದಿದ್ದರೆ ಮನುಷ್ಯ ಹಾರಿ ಬಂದನೇ ಎಂದು ಆಟಕ್ಕೆ ಅನುಮಾನ ಬರುತ್ತದೆ.

"ಶಹಾಬಾದಕ್ಕ ಎರಡೂವರಿ ತಾಸರೆ ಬೇಕ್ರಿ ಸರ. ಅದು ಕೈ ಬಿಟ್ಟ ಲೆಕ್ಕ. ಅದನ್ನ ಬಿಡ್ರಿ, ವಾಡೀದು ಉಳಿಸ್ಕೋರಿ."

ಹನ್ನೊಂದರ ತನಕ ಮಾಸ್ತರರು ಆ ಮಾತಿಗೆ ಒಪ್ಪಿಕೊಂಡೇ ಇದ್ದರು. ಆಮೇಲೆ ಶಹಾಬಾದದ ದೀಪ ಸಣ್ಣಗಾಗತೊಡಗಿತು. ಆಟ ಮಾಡಿದವರು ಅದನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದರೆಂದರೆ, ಬತ್ತಿ ಕರಕಾಗಿ, ಜ್ವಾಲೆ ನೀಲಿಯಾಗಿ, ಕೆಳಗಿನ ಹೆಸರು ಮಸುಕಾಗುತ್ತ ಹೋಗುತ್ತಿತ್ತು. ಹೊರಗೆ ಕೌಸ್ತುಭಾಚಾರ್ಯರು ಅಂದಿನ ಪಿಂಡಕ್ಕೆ ಹಳ್ಳದ ದಂಡೆಗೆ ಹೋಗಲು ಹೊತ್ತಾಯಿತು ಎಂದು ಕರೆದರು. ಹೋಗಿಯೇ ಇಲ್ಲದ ಊರಿನಿಂದ ಹೋಗದ ಊರಿಗೆ ಯಾವ ಬಸ್ಸು, ಎಂಥ ದಾರಿ, ಯಾಕೆ ಕಾಯಬೇಕು? ಸುಳ್ಳು ಹೇಳಿಯಾಯಿತು, ಇನ್ನು ಸುಳ್ಳಿಗೂ ಬಸ್ಸಿನ ಹೊತ್ತು ನೋಡಬೇಕೇ? ಹನ್ನೊಂದು ಇಪ್ಪತ್ತೈದಕ್ಕೆ ಅವರು ಫೋನನ್ನು ಶಹಾಬಾದಕ್ಕೆ ತಿರುಗಿಸಿ ಒತ್ತಿದರು.

ಪರದೆ ಬಿಳಿಯಾಯಿತು. ಅಕ್ಷರ ಬಂದವು. ನೀವು ಇರುವ ಜಾಗದ ಬಗ್ಗೆ ಸಂದೇಹವಿದೆ. ಚಿಂಚೋಳಿಯ ದೀಪವನ್ನು ತೆಗೆದುಹಾಕಲಾಗಿದೆ. ಹದಿನೈದು ದಿನ ನೀವು ಯಾವ ದೀಪವನ್ನೂ ಮುಟ್ಟುವಂತಿಲ್ಲ. ಅದಕ್ಕೂ ಮೊದಲು ಮುಟ್ಟಿದರೆ ಹದಿನೈದು ದಿನ ಹೊಸದಾಗಿ ಶುರುವಾಗುತ್ತದೆ. ನಿಮ್ಮ ತಾಳ್ಮೆಗೆ ಧನ್ಯವಾದ.

ಐದು ನಿಮಿಷಕ್ಕೆ ಶಹಾಬಾದದ್ದು ಆರಿತು. ಎರಡು ದಿನದ ಮೇಲೆ ವಾಡಿಯದೂ ಆರಿತು. ಮಾಸ್ತರರು ಕಂಪನಿಗೆ ಪತ್ರ ಬರೆದರು. ನನ್ನ ಹೆಂಡತಿ ತೀರಿಕೊಂಡಿದ್ದಾಳೆ, ತಪ್ಪು ನನ್ನದು, ಆಕೆಯದಲ್ಲ, ಆಕೆ ಒಂದು ದಿನವೂ ಸುಳ್ಳು ಆಡಿದವಳಲ್ಲ ಎಂದು ತಿದ್ದಿ ತಿದ್ದಿ ಬರೆದರು. ಕಳಿಸಿದ ಕ್ಷಣದಲ್ಲೇ ಉತ್ತರ ಬಂತು: "ನಮಸ್ಕಾರ ನರ್ಮದಾ, ನಿಮ್ಮ ಅನಿಸಿಕೆ ನಮಗೆ ಮುಖ್ಯ." ಮತ್ತೆ ಬರೆದರು. ಮತ್ತೆ ಅದೇ ಉತ್ತರ. ಯಂತ್ರದ ಜೊತೆ ಜಗಳ ತೆಗೆಯಬೇಡಿ ಅಪ್ಪಾ ಎಂದು ವಿಜಯಶ್ರೀ ಅಂದರೆ, ಮಗಳ ಮೇಲೂ ರೇಗಿದರು. ಅವಳು ಅಡುಗೆಮನೆಯಲ್ಲಿ ಅತ್ತದ್ದು ಕೇಳಿಸಿದರೂ ಎದ್ದು ಹೋಗಲಿಲ್ಲ.

ಉಳಿದದ್ದು ಚಿತ್ತಾಪುರದ್ದೊಂದು. ಅದರಲ್ಲಿ ಇನ್ನೂ ಎಣ್ಣೆಯಿತ್ತು. ಹದಿನೈದು ದಿನ ಮುಗಿಯುತ್ತಲೂ ತಾವೇ ಹೋಗಿ, ಬಾವಿಯ ಹತ್ತಿರ ಖರೆಯಾಗಿ ನಿಂತು, ತುಂಬಿಸಿ ಬರಬೇಕು. ಈ ಸಲ ಕಳ್ಳದಾರಿ ಬೇಡ. ಆ ದಿನಗಳಲ್ಲಿ ಮಾಸ್ತರರು ಹತ್ತನೆಯದು, ಹನ್ನೆರಡನೆಯದು, ಮಾಸಿಕ ಎಂದು ಎಲ್ಲವನ್ನೂ ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿಯೇ ಗುರುತು ಹಾಕುತ್ತಿದ್ದರು. ಈ ಹದಿನೈದನ್ನೂ ಅದೇ ಪೆನ್ನಿನಿಂದ ಅಲ್ಲೇ ಹಾಕಿದರು. ಒತ್ತಿದ ದಿನ ಶುಕ್ಲ ಪಕ್ಷದ ತ್ರಯೋದಶಿ. ಅಲ್ಲಿಂದ ಕೃಷ್ಣ ಪಕ್ಷದ ತ್ರಯೋದಶಿಗೆ ಹದಿನೈದು.

ವೈಕುಂಠ ಸಮಾರಾಧನೆ ಮುಗಿದಿತ್ತು. ಆ ತ್ರಯೋದಶಿಯ ದಿನ ಮಾಸ್ತರರು ಸ್ನಾನ, ಜಪ ಮುಗಿಸಿ ಒಬ್ಬರೇ ಬಸ್ಸು ಹತ್ತಿದರು. ಯಾರಿಗೂ ಹೇಳಿರಲಿಲ್ಲ. ಚಿತ್ತಾಪುರದಲ್ಲಿ ಇಳಿದು, ಕೇಳಿಕೊಂಡು ಬಾವಿಯ ಹತ್ತಿರ ಬಂದರು. ಸುತ್ತ ಬೇಲಿ, ಒಳಗೆ ಹಸಿರು ನೀರು, ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ. ಹೆಂಡತಿ ಒರಗಿದ ಕಟ್ಟೆ ಇದೇ. ಪರದೆಯಲ್ಲಿ ದೀಪ ಉರಿಯುತ್ತಿತ್ತು, ಕೆಳಗೆ ಆಕೆಯ ಹೆಸರು. ಖರೆ ಬಂದು ನಿಂತಿದ್ದೇನೆ ನೋಡು ಎಂದು ಮನಸ್ಸಿನಲ್ಲೇ ಹೇಳಿ ಒತ್ತಿದರು.

ಹದಿನೈದು ದಿನ ಇನ್ನೂ ಮುಗಿದಿಲ್ಲ ಎಂದಿತು ಪರದೆ. ನಿಯಮದಂತೆ ಇಂದಿನಿಂದ ಹೊಸ ಹದಿನೈದು ದಿನ. ನಿಮ್ಮ ತಾಳ್ಮೆಗೆ ಧನ್ಯವಾದ.

ಮಾಸ್ತರರು ಬೆರಳು ಮಡಿಚಿ ಎಣಿಸಿದರು. ಪಕ್ಷದ ನಡುವೆ ಒಂದು ತಿಥಿ ಕ್ಷಯವಾಗಿ, ಎರಡು ತಿಥಿ ಒಂದೇ ದಿನದಲ್ಲಿ ಕಳೆದಿದ್ದವು. ತಿಥಿಯ ಲೆಕ್ಕಕ್ಕೆ ಹದಿನೈದು ತುಂಬಿತ್ತು, ತಾರೀಖಿನ ಲೆಕ್ಕಕ್ಕೆ ಹದಿನಾಲ್ಕೇ. ಪಂಚಾಂಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ಅವರು ಎಷ್ಟೋ ಸಲ ನೋಡಿದ್ದರು. ಹೊಸ ಹದಿನೈದು ಮುಗಿಯುವ ನಾಲ್ಕು ದಿನ ಮೊದಲೇ ಈ ದೀಪ ಆರುತ್ತದೆ. ಸುಳ್ಳಿಗೆ ಸಿಕ್ಕ ಶಿಕ್ಷೆಯನ್ನು ಅವರು ನುಂಗಿಕೊಂಡಿದ್ದರು. ನೆಟ್ಟಗೆ ಬಂದು ನಿಂತವನಿಗೂ ಅದೇ ಶಿಕ್ಷೆ ಎಂದರೆ ಯಾರ ಹತ್ತಿರ ಹೋಗಿ ಕೇಳಬೇಕು? ಫೋನನ್ನು ಬಾವಿಗೆ ಎಸೆಯಲು ಕೈ ಎತ್ತಿದರು. ಎಸೆಯಲಿಲ್ಲ.

ಸೇಡಂಗೆ ಇಳಿದವರು ಮನೆಗೆ ಹೋಗದೆ ಸೈದಾನಬಿಯ ಬಾಗಿಲಿಗೆ ಹೋದರು. ನಡೆದದ್ದನ್ನು ಹೇಳಿದರು. ನಿಮ್ಮ ಮೇಲೆ ಮನಸ್ಸಿನಲ್ಲೇ ತಪ್ಪು ಹೊರಿಸಿದ್ದೆ ಎಂಬುದನ್ನೂ ಹೇಳಿದರು. ಸೈದಾನಬಿ ಚಹಾ ಕೇಳಲಿಲ್ಲ, ಕುರ್ಚಿ ಎಳೆದು ಕೊಟ್ಟರು.

"ನನಗ ಗೊತ್ತಿತ್ರಿ," ಎಂದರು. "ಆಕಿ ಮೈಯಾಗ ಬ್ಯಾನಿ ಅದ ಅಂತ ಒಂದ್ ಸಲಾನೂ ಅಂದಿಲ್ಲ. ಅಂದಿದ್ರ ನಾ ಬಸ್ ಹತ್ತಸ್ತಿದ್ದಿಲ್ಲ. ದಿನಾ ನಮಾಜಿನ್ಯಾಗ ಇದನ್ನೇ ಹೇಳ್ಕೊಳ್ಳಾಕತ್ತೀನಿ."

ಎಣ್ಣೆ ತುಂಬಿಸಿ ಮೂವತ್ತು ದಿನವಾದ ಬುಧವಾರ ಇಬ್ಬರೂ ಕೂಡಿ ಚಿತ್ತಾಪುರಕ್ಕೆ ಹೋದರು. ಮಾಡುವುದು ಏನೂ ಇರಲಿಲ್ಲ. ಫೋನು ನೋಡಲು ಬಿಡುತ್ತಿತ್ತು, ಮುಟ್ಟಲು ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ನರ್ಮದಕ್ಕ ಬಸ್ಸಿಗೆ ಕಾಯುವಾಗ ಏನೇನು ಮಾಡುತ್ತಿದ್ದಳು ಎಂದು ಸೈದಾನಬಿ ಹೇಳಿದರು. ಪರಿಚಯವಿಲ್ಲದ ಹುಡುಗಿಯರ ಜಡೆ ಬಿಗಿಯಾಗಿದೆ ಎಂದು ಬಿಚ್ಚಿ ಹೆಣೆಯುತ್ತಿದ್ದಳಂತೆ. ಕಂಡಕ್ಟರನಿಗೆ ಕಾಗುಣಿತ ತಿದ್ದುತ್ತಿದ್ದಳಂತೆ. ಮನೆಗೆ ಹೋಗಲು ತಡವಾದರೆ, ಮಾಸ್ತರರು ಇವತ್ತು ಯಾವ ಮಾತಿನಿಂದ ಶುರು ಮಾಡುತ್ತಾರೆ ಎಂದು ಗೆಳತಿಯರಿಬ್ಬರೂ ಪಂಥ ಕಟ್ಟುತ್ತಿದ್ದರಂತೆ. ಮಾಸ್ತರರಿಗೆ ನಗೆ ಬಂತು. 

ಹನ್ನೊಂದು ಗಂಟೆಗೆ ಜ್ವಾಲೆ ನೀಲಿಯಾಯಿತು. ಹನ್ನೊಂದು ಐದಕ್ಕೆ ಹೆಸರು ಮಸುಕಾಯಿತು. ಮಾಸ್ತರರು ಕನ್ನಡಕ ಒರೆಸಿ ಮತ್ತೆ ನೋಡಿದರು. ಹನ್ನೊಂದು ಹತ್ತಕ್ಕೆ ಬಾವಿಯ ಚಿತ್ರದ ಮೇಲೆ ಏನೂ ಇರಲಿಲ್ಲ. ಕಬ್ಬಿನ ಹಾಲಿನವನು ಗಾಣ ತಿರುಗಿಸುತ್ತಲೇ ಇದ್ದ. ಬಸ್ಸೊಂದು ಕಾಳಗಿ, ಕಾಳಗಿ ಎಂದು ಕೂಗಿಸಿಕೊಂಡು ಹೊರಟಿತು.

"ನಿಮ್ಮ ಫೋನಿನ್ಯಾಗ ಆಗ್ತದಲ್ಲ," ಎಂದರು ಮಾಸ್ತರರು. "ನೀವರೆ ಹಚ್ಚ್ರಿ."

ಸೈದಾನಬಿ ಚೀಲದೊಳಗಿನ ಫೋನಿಗೆ ಹಾಕಿದ ಕೈಯನ್ನು ಹಿಂದೆ ತೆಗೆದುಕೊಂಡರು. "ಇವತ್ತ ಬ್ಯಾಡ್ರಿ," ಎಂದರು. "ಇವತ್ತ ಹಂಗೇ ಇರಲಿ."

ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಅಂಗೈ ತೆರೆದರು. ಮಾಸ್ತರರು ಚಪ್ಪಲಿ ಬಿಟ್ಟು ಪೂರ್ವಕ್ಕೆ ಮುಖ ಮಾಡಿ ನಿಂತರು. ತಿಂಗಳಿಂದ ಬಾಯಿಗೆ ಬಂದ ಮಂತ್ರಗಳೆಲ್ಲ ಕೌಸ್ತುಭಾಚಾರ್ಯರು ಹೇಳಿಸಿದವು. ಇದು ತಮ್ಮದೇ ಮಾತು. ಶ್ರೀಹರಿಯೇ, ನನ್ನ ಸುಳ್ಳನ್ನು ಆಕೆಯ ಲೆಕ್ಕಕ್ಕೆ ಹಿಡಿಯಬೇಡ. ಆಕೆ ಎಲ್ಲಿಗೆ ಹೋದರೂ ನಡೆದೇ ಹೋದವಳು, ಬಸ್ಸಿಗೆ ಕಾದೇ ಹೋದವಳು. ನಿನ್ನಲ್ಲಿಗೂ ಹಾಗೆಯೇ ಬಂದಿರುತ್ತಾಳೆ. ಬಾಗಿಲಲ್ಲಿ ಕಾಯಿಸಬೇಡ, ಒಳಗೆ ಕರೆದುಕೋ. ದಣಿದ ಕಾಲಿಗೆ ನಿನ್ನ ಪಾದದ ಹತ್ತಿರ ಜಾಗ ಕೊಡು. ನನ್ನ ನರ್ಮದೆಗೆ ಶಾಂತಿ ಕೊಡು, ಸ್ವಾಮೀ.