ಅಟ್ಟಕ್ಕೆ ಹೋದ ದೋಣಿ

ನಮ್ಮದು ಚಿಕ್ಕ ಮನೆ. ಅಟ್ಟವಿಲ್ಲದಿದ್ದರೆ ನಾವು ಬೀದಿಯಲ್ಲಿ ಮಲಗಬೇಕಿತ್ತು. ಬೇಡದ್ದು ಮೇಲೆ ಹೋಗುತ್ತದೆ, ಬೇಕಾದಾಗ ಕೆಳಗೆ ಬರುತ್ತದೆ. ದಪ್ಪ ಹೊದಿಕೆಗಳು ಅಟ್ಟ ಹತ್ತಿದ ದಿನ ಫ್ಯಾನು ಇಳಿಯುತ್ತದೆ. ಹದಿನಾರು ವರ್ಷ ಹೀಗೆ ಹತ್ತಿಸಿ ಇಳಿಸಿಯೇ ಸಂಸಾರ ತೂಗಿಸಿದವಳು ನಾನು. ಮಗಳ ಆಟದ ಪೆಟ್ಟಿಗೆಯಲ್ಲೂ ಅದನ್ನೇ ಮಾಡಿದೆ.

ಹೋದ ವರ್ಷ ಪಾರ್ಶ್ವವಾಯು ಬಡಿದು ಅತ್ತೆಯ ಎಡಗೈ ಸ್ವಾಧೀನ ತಪ್ಪಿತ್ತು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವರು ಹಿಸುಕಲೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮೂರನೇ ದಿನ ಅತ್ತೆ ಅದನ್ನು ಬಲಗೈಯಿಂದ ಕಿಟಕಿಯಾಚೆ ಎಸೆದರು. ದಾರಿ ತೋರಿಸಿದ್ದು ಏಳನೇ ತರಗತಿಯ ನನ್ನ ಮಗಳು. ಟಿವಿಗೆ ಜೋಡಿಸಿದ ಅವಳ ವಿಡಿಯೋ ಗೇಮ್ ಪೆಟ್ಟಿಗೆಯಲ್ಲಿ ಒಂದು ದೋಣಿಯ ಆಟವಿತ್ತು. ಈ ದಡದಲ್ಲಿ ಜನರನ್ನು ಹತ್ತಿಸಿಕೊಂಡು ಆ ದಡಕ್ಕೆ ಬಿಡಬೇಕು, ಅಷ್ಟೇ. ಗುದ್ದಾಟವಿಲ್ಲ, ಗಡಿಬಿಡಿಯಿಲ್ಲ. ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ ಚುಕ್ಕಾಣಿ ಎಡ ಹೆಬ್ಬೆರಳಿಗೆ, ವೇಗ ಎಡ ತೋರುಬೆರಳಿಗೆ. ಮೊದಲ ತಿಂಗಳು ದೋಣಿ ದಡ ಬಿಟ್ಟು ಕದಲಲಿಲ್ಲ. ಐದನೇ ತಿಂಗಳಲ್ಲಿ ಅತ್ತೆ ಎಡಗೈಯಲ್ಲಿ ನೀರಿನ ಲೋಟ ಹಿಡಿದರು.

ಅಂಥ ಅತ್ತೆ ಒಂಬತ್ತು ದಿನದ ಮಟ್ಟಿಗೆ ನಾದಿನಿಯ ಮನೆಗೆ ಹೋಗಿದ್ದರು. ಮರುದಿನವೇ ಮಗಳು ಹೊಸದೊಂದು ಆಟ ಹಾಕಲು ಕೂತಳು.

"ಅಮ್ಮ, ಜಾಗ ಇಲ್ಲ ಅಂತಿದೆ."

ನಾನು ಪಾತ್ರೆ ತೊಳೆಯುತ್ತಿದ್ದೆ. "ಅಜ್ಜಿ ಬರೋವರೆಗೂ ದೋಣಿ ಅಟ್ಟಕ್ಕೆ ಹೋಗ್ಲಿ. ಕೊಂಡಿರೋದು ನಾವು, ನಮ್ದೇ ತಾನೆ? ಬಂದ ದಿನ ಇಳಿಸಿದ್ರಾಯ್ತು."

ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಅಳಿಸುವ ಗುಂಡಿಯನ್ನು ನಾನೇ ಒತ್ತಿದೆ.

ಅತ್ತೆ ಬಂದರು. ಮೊಣಕೈ ಕೆಳಗೆ ದಿಂಬಿಟ್ಟುಕೊಂಡು ಟಿವಿ ಮುಂದೆ ಕೂತರು. ಮಗಳು ಆಟದ ಅಂಗಡಿಯ ಪುಟ ತೆರೆದು ಹುಡುಕಿದಳು. ಮತ್ತೆ ಹುಡುಕಿದಳು. ಆಮೇಲೆ ನನ್ನ ಫೋನು ಕಿತ್ತುಕೊಂಡು ಏನೇನೋ ಓದಿದಳು.

"ಅಂಗಡಿಯಿಂದ ತೆಗೆದುಬಿಟ್ಟಿದ್ದಾರಮ್ಮ. ಮುಂಚೆ ತಗೊಂಡೋರು ಈ ತಿಂಗಳ ಕೊನೆವರೆಗೂ ಮತ್ತೆ ಇಳಿಸ್ಕೋಬಹುದಂತೆ. ಆಮೇಲೆ ಅದೂ ಇಲ್ವಂತೆ."

"ತಿಂಗಳ ಕೊನೆ ಅಂದ್ರೆ?"

"ನಾಳೆ."

"ತಗೊಳ್ಳುವಾಗ ಹೀಗಂತ ಹೇಳಿದ್ರಾ?"

"ಉದ್ದಕ್ಕೆ ಏನೋ ಬರೆದಿತ್ತು. ಒಪ್ಪಿಗೆ ಅಂತ ಒತ್ತಿದ್ದು ನೀನೇ."

ಇಳಿಸಿಕೊಳ್ಳಲು ಹೋದರೆ ಪಾಸ್‌ವರ್ಡ್ ಕೇಳಿತು. ನೆನಪಿದ್ದದ್ದನ್ನೆಲ್ಲ ಹಾಕಿದೆ. ನಾಲ್ಕನೇ ತಪ್ಪಿಗೆ ಬೀಗ ಬಿತ್ತು. ಬಿಡಿಸಲು ಬೇಕಾದ ಕೋಡನ್ನು ನನ್ನ ಇಮೇಲಿಗೆ ಕಳಿಸುವುದಾಗಿ ತೆರೆ ಹೇಳಿತು. ಆ ಇಮೇಲು ನಾನು ವರದಿ ಟೈಪ್ ಮಾಡುತ್ತಿದ್ದ ರಕ್ತಪರೀಕ್ಷೆಯ ಲ್ಯಾಬಿನದು. ಆಟದಂಗಡಿಯಲ್ಲಿ ಖಾತೆ ತೆರೆದಾಗ ನನಗಿದ್ದದ್ದು ಅದೊಂದೇ. ಅತ್ತೆ ಹಾಸಿಗೆ ಹಿಡಿದ ವಾರವೇ ಆ ಕೆಲಸ ಬಿಟ್ಟಿದ್ದೆ. ಅಂಗಡಿಯವರ ಎಚ್ಚರಿಕೆಯ ಪತ್ರಗಳೂ ಅಲ್ಲಿಗೇ ಹೋಗಿ ಬಿದ್ದಿರಬೇಕು.

"ಹೋಗ್ಲಿ ಬಿಡೇ," ಎಂದರು ಅತ್ತೆ. "ಆ ಚೆಂಡೇ ಒಂದು ತಂದ್ಕೊಡು."

ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತೇ ದಿನದಲ್ಲಿ ಅವರ ಹೆಬ್ಬೆರಳು ಮತ್ತೆ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿತ್ತು. ಮಧ್ಯಾಹ್ನ ಲೋಟ ಜಾರಿ ಮಡಿಲೆಲ್ಲ ನೀರಾಗಿದ್ದನ್ನು ಇಬ್ಬರೂ ಕಾಣದವರಂತೆ ಇದ್ದೆವು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಲ್ಯಾಬಿಗೆ ಫೋನು ಮಾಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ನಾವೆಲ್ಲ ಕೀಲಿ ಎಂದೇ ಕರೆಯುತ್ತಿದ್ದೆವು. ಇಡೀ ಲ್ಯಾಬಿನ ಪಾಸ್‌ವರ್ಡುಗಳು ಅವನ ತಲೆಯಲ್ಲಿದ್ದವು.

"ಅಕ್ಕಾ, ಇದ್ದೀರಾ ಇನ್ನೂ?"

"ಸಾಯೋಕೆ ಪುರುಸೊತ್ತಾಗಿಲ್ಲ ಕಣಪ್ಪ. ನನ್ನ ಹಳೇ ಮೇಲ್ ಐದು ನಿಮಿಷ ತೆಗೀತೀಯಾ? ಒಂದು ಕೋಡ್ ಬರುತ್ತೆ, ಓದಿ ಹೇಳು ಸಾಕು."

ಯಾಕೆಂದು ಕೇಳಿದ. ಎಲ್ಲವನ್ನೂ ಹೇಳಿದೆ.

"ಆಟಕ್ಕಾ? ಮೇಲಿನೋರು ಕೇಳಿದ್ರೆ ಏನಂತ ಹೇಳ್ಲಿ ಅಕ್ಕ?"

"ನಮ್ಮತ್ತೆ ಎಡಗೈಗೆ ಅಂತ ಹೇಳು."

ಅವನು ನಗಲಿಲ್ಲ. ಕೀಲಿಮಣೆಯ ಸದ್ದು ಕೇಳಿಸಿತು. "ನಿಮ್ಮ ಮೇಲ್ ಮುಚ್ಚೇ ಇಲ್ಲ. ಮುಚ್ಚು ಅಂದಿದ್ರು. ನೀವು ವಾಪಸ್ ಬರ್ತೀರೇನೋ ಅಂತ ಹಾಗೇ ಬಿಟ್ಟಿದ್ದೆ." ಟೈಪ್ ಮಾಡುತ್ತಲೇ ಕೇಳಿದ, "ಬರ್ತೀರಾ?"

ಅತ್ತೆ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಿದ್ದರು.

"ಕೋಡ್ ಹೇಳಪ್ಪ," ಎಂದೆ.

ಆರು ಅಂಕಿಗಳನ್ನು ಅವನು ಹೇಳಿದ, ನಾನು ಕೂಗಿದೆ, ಶಾಲೆಗೆ ರಜೆಯಿದ್ದ ಮಗಳು ಒತ್ತಿದಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಬೀಗ ತೆರೆಯಿತು. ಕೊಂಡ ಆಟಗಳ ಪಟ್ಟಿಯ ಕೊನೆಯಲ್ಲಿ ದೋಣಿಯ ಚಿತ್ರವಿತ್ತು. ಕೆಳಗೆ 'ಮಾರಾಟಕ್ಕಿಲ್ಲ' ಎಂದಿತ್ತು, ಪಕ್ಕದಲ್ಲಿ ಇಳಿಸಿಕೊಳ್ಳುವ ಬಾಣದ ಗುರುತು ಇನ್ನೂ ಇತ್ತು.

ಖಾತೆಗೆ ನನ್ನ ಸ್ವಂತ ಇಮೇಲು ಹಾಕಿಸಿದ ಮೇಲೆ ಕೀಲಿಗೆ ಹೇಳಿದೆ, "ಇನ್ನು ಮುಚ್ಚಿಬಿಡು."

"ಆಯ್ತಕ್ಕ," ಎಂದ.

ಆಟ ಇಳಿಯಲು ಎರಡು ಗಂಟೆ ಹಿಡಿಯಿತು. ಒಲೆ ಒರೆಸಿದೆ, ಎರಡು ಬಕೆಟ್ ಬಟ್ಟೆ ಹಿಂಡಿ ಹರವಿದೆ, ನಡುನಡುವೆ ಬಂದು ತೆರೆಯ ಮೇಲಿನ ಗೆರೆ ಎಷ್ಟು ಬೆಳೆದಿದೆಯೆಂದು ನೋಡಿದೆ. ಕೊನೆಗೆ ಆಟ ತೆರೆದುಕೊಂಡಾಗ, ಆಡಿದ್ದಷ್ಟನ್ನೂ ಪೆಟ್ಟಿಗೆ ಉಳಿಸಿಕೊಂಡಿದ್ದರಿಂದ, ದೋಣಿ ಅತ್ತೆ ಬಿಟ್ಟುಹೋಗಿದ್ದ ಜಾಗದಲ್ಲೇ, ಹೊಳೆಯ ನಡುವೆ ನಿಂತಿತ್ತು. ಒಳಗೆ ಮೂವರು ಕೂತಿದ್ದರು.

"ಪಾಪ," ಎಂದರು ಅತ್ತೆ. "ಹತ್ತು ದಿನದಿಂದ ನಡುನೀರಲ್ಲಿ ಕೂತಿದ್ದಾವೆ. ನಮ್ಮ ಮಗಳ ಮನೇಲಿ ನಾನು ಕೂತಿದ್ದ ಹಾಗೇ."

ಅವರ ಹೆಬ್ಬೆರಳನ್ನು ನಾನು ಬಿಡಿಸಿ ಚುಕ್ಕಾಣಿಯ ಮೇಲಿಟ್ಟೆ. ಅದು ಜಾರಿತು. ಮತ್ತೆ ಇಟ್ಟೆ.

"ಇನ್ಮೇಲೆ ಇದನ್ನ ಯಾರೂ ಅಳಿಸ್ಬಾರ್ದು," ಎಂದೆ ಮಗಳಿಗೆ. "ನಾನೂ ಅಷ್ಟೇ."

"ಅಳಿಸದೇ ಇದ್ರೂ ಪೆಟ್ಟಿಗೆ ಕೆಟ್ಟುಹೋದ್ರೆ ಮುಗೀತಮ್ಮ. ನಾಳೆಯಿಂದ ಎಲ್ಲೂ ಸಿಗಲ್ಲ."

ನಾನು ಪೆಟ್ಟಿಗೆಯ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದೆ.

ಅತ್ತೆ ತೆರೆಯಿಂದ ಕಣ್ಣು ಕೀಳಲಿಲ್ಲ. "ಅದು ಕೆಡೋದ್ರೊಳಗೆ ನನ್ನ ಕೈ ಬರ್ಬೇಕು, ಅಷ್ಟೇ ತಾನೆ? ದಾರಿ ಬಿಡೇ, ಆ ದಡ ಕಾಣ್ತಿಲ್ಲ."

ನಾನು ಪಕ್ಕಕ್ಕೆ ಸರಿದೆ. ದೋಣಿ ಒಂದು ಗೇಣು ಮುಂದೆ ಹೋಯಿತು, ನಿಂತಿತು, ಮತ್ತೆ ಒಂದು ಗೇಣು ಹೋಯಿತು.