ಎಂಬತ್ತೈದು ಎಳೆ

ಪ್ರಯೋಗ ಪರೀಕ್ಷೆಗೆ ಹನ್ನೊಂದು ದಿನ ಉಳಿದಿರುವಾಗ ಗ್ರೇಟಿಂಗ್ ಒಡೆಯಿತು. ಒಡೆದದ್ದು ಭೌತಶಾಸ್ತ್ರ ಕಲಿಸುವ ಸೈರಾಬಾನು ಅವರ ಕೈಯಿಂದಲೇ. ಧೂಳು ಒರೆಸಲು ಎತ್ತಿದ ಗಾಜಿನ ಬಿಲ್ಲೆ ಜಾರಿ ನೆಲಕ್ಕೆ ಬಿದ್ದು ಮೂರು ಚೂರಾಯಿತು.

ಬೆಂಕಿಪೊಟ್ಟಣದಷ್ಟು ಅಗಲದ ಆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಒತ್ತಾಗಿ ಗೀರುಗಳಿದ್ದವು. ಲೇಸರ್ ಬೆಳಕು ಅದರೊಳಗಿಂದ ಹಾಯ್ದರೆ ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆಯ ಬದಲು ಚುಕ್ಕೆಗಳ ಸಾಲೇ ಬೀಳುತ್ತಿತ್ತು. ಗೀರಿನಿಂದ ಗೀರಿಗೆ ಎಷ್ಟು, ಚುಕ್ಕೆಯಿಂದ ಚುಕ್ಕೆಗೆ ಎಷ್ಟು, ಗೋಡೆ ಎಷ್ಟು ದೂರ, ಈ ಮೂರು ತಿಳಿದರೆ ಬೆಳಕಿನ ತರಂಗಾಂತರವನ್ನು ಲೆಕ್ಕ ಹಾಕಬಹುದು. ನರೇಗಲ್ಲಿನ ಆ ಸಣ್ಣ ಪದವಿ ಕಾಲೇಜಿನಲ್ಲಿ ಇದ್ದದ್ದು ಅದೊಂದೇ ಗ್ರೇಟಿಂಗ್. ಹೊಸದು ಬರಲು ಮೂರು ವಾರ ಬೇಕೆಂದು ಅಂಗಡಿಯವರು ಫೋನಿನಲ್ಲಿ ಹೇಳಿದರು.

ಅಂದು ಸಂಜೆ ಗಜೇಂದ್ರಗಡದ ಮನೆಗೆ ಬಂದ ಸೈರಾಬಾನು ತಂದೆಯ ಮಗ್ಗದ ಪಕ್ಕದಲ್ಲಿದ್ದ ಪೆಟ್ಟಿಗೆ ತೆರೆದು ರೇಷ್ಮೆಯ ಒಂದು ತುಂಡು ತೆಗೆದರು. ತೆಳುವಾದ ಬಟ್ಟೆಯಲ್ಲಿ ಎಳೆಗಳ ನಡುವೆ ಇರುವುದೂ ಸಮ ಅಂತರದ ಸಂದುಗಳೇ ಅಲ್ಲವೇ? ಕಿಟಕಿ ಮುಚ್ಚಿ, ಕಾಲೇಜಿನಿಂದ ತಂದಿದ್ದ ಲೇಸರನ್ನು ಅದರೊಳಗಿಂದ ಹಾಯಿಸಿದರು. ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಅಡ್ಡಕ್ಕೊಂದು ಉದ್ದಕ್ಕೊಂದು ಸಾಲಾಗಿ ಮೂಡಿದವು.

"ಅಬ್ಬಾ, ಇದರಾಗ ಇಂಚಿಗೆ ಎಷ್ಟ ಎಳಿ ಅದಾವು?" ಎಂದು ತಂದೆಯನ್ನು ಕೇಳಿದರು.

ತಂದೆ ಜಂಗ್ಲಿಸಾಬರಿಗೆ ಅರವತ್ತಾರು ವರ್ಷ. ಐವತ್ತು ವರ್ಷ ನೇಯ್ದ ಕೈ. ಅವರು ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಬಟ್ಟೆಯ ಮೇಲಿಟ್ಟು, ಸೂಜಿಯ ತುದಿಯಿಂದ ಒಂದೊಂದನ್ನೇ ದಾಟಿಸುತ್ತ ಎಣಿಸಿದರು.

"ಹಾಸಿನ ಎಳಿ ತೊಂಬತ್ತು," ಎಂದರು ಉದ್ದಕ್ಕೆ ಓಡುವ ಎಳೆಗಳನ್ನು ತೋರಿಸುತ್ತ.

ಮರುದಿನ ಸೈರಾಬಾನು ಆ ತುಂಡನ್ನು ಕಸೂತಿ ಹಾಕುವಾಗ ಬಟ್ಟೆ ಹಿಡಿಯುವ ಮರದ ಬಳೆಗೆ ಬಿಗಿಯಾಗಿ ಎಳೆದು ಕಟ್ಟಿ, ಲೇಸರಿನ ಮುಂದೆ ನಿಲ್ಲಿಸಿದರು. ಪ್ರಯೋಗಶಾಲೆಯ ಕಿಟಕಿಗಳಿಗೆ ಹುಡುಗರು ಗೋಣಿಚೀಲ ಕಟ್ಟಿದರು. ಬಟ್ಟೆಯಿಂದ ಗೋಡೆಗೆ ಸರಿಯಾಗಿ ಐದು ಮೀಟರು. ಮೊದಲು ಅಳೆದವಳು ರೂಪಾ. ಅಸೂಟಿಯಿಂದ ದಿನಾ ಬಸ್ಸಿನಲ್ಲಿ ಬರುವ, ಮಾತು ಕಡಿಮೆಯ ಹುಡುಗಿ. ಲೆಕ್ಕ ಮುಗಿಸಿ ಅವಳು ಪುಸ್ತಕ ತಂದು ತೋರಿಸಿದಳು. ಆರುನೂರ ನಾಲ್ಕು ನ್ಯಾನೊಮೀಟರು.

ಲೇಸರಿನ ಚೀಟಿಯ ಮೇಲೆ ಆರುನೂರ ಐವತ್ತು ಎಂದಿತ್ತು.

"ಎಲ್ಲೋ ತಪ್ಪೈತಿ. ಮತ್ತೊಮ್ಮೆ ಅಳದು ನೋಡು."

"ಮೂರ ಸಲ ಅಳದೇನ್ರಿ ಮೇಡಂ. ಚುಕ್ಕಿಗಳ ಹತ್ತು ಸಂದಿಗೆ ಹತ್ತು ಪಾಯಿಂಟ್ ಏಳು ಸೆಂಟಿಮೀಟರೇ ಬರ್ತೈತ್ರಿ."

ಸೈರಾಬಾನು ಮನಸ್ಸಿನಲ್ಲೇ ಚೀಟಿಯ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರು. "ಹನ್ನೊಂದೂವರಿ ಅಂತ ಬರಿ. ಉತ್ತರ ಸರಿ ಬರ್ತೈತಿ."

ರೂಪಾ ಪೆನ್ನು ಎತ್ತಲಿಲ್ಲ. ಗೋಡೆಯ ಕಡೆ ನೋಡಿದಳು.

"ಗ್ವಾಡಿ ಮ್ಯಾಲ ಹನ್ನೊಂದೂವರಿ ಇಲ್ರಿ ಮೇಡಂ."

ಹಿಂದೆ ನಿಂತಿದ್ದ ಸಹಪಾಠಿ ಬಸ್ಯಾ ಕಿಸಕ್ಕನೆ ನಕ್ಕ. ಸೈರಾಬಾನು ಅವರ ಮುಖ ಬಿಸಿಯಾಯಿತು. "ಪರೀಕ್ಷಾದಾಗ ಅಂಕ ಕೊಡವ್ರು ಗ್ವಾಡಿ ನೋಡಂಗಿಲ್ಲ, ಪುಸ್ತಕ ನೋಡ್ತಾರ," ಎಂದುಬಿಟ್ಟರು. ರೂಪಾ ತಲೆ ತಗ್ಗಿಸಿದಳು. ಆದರೆ ಅಂಕಿ ಬದಲಿಸಲಿಲ್ಲ.

ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ಸೈರಾಬಾನು ಅವರ ಸಿಟ್ಟು ಇಳಿದು ಬೇರೆ ಏನೋ ಉಳಿಯಿತು. ಹದಿನಾಲ್ಕು ವರ್ಷಗಳ ಹಿಂದೆ ಸೈರಾಬಾನು ಪದವಿ ಪರೀಕ್ಷೆಯಲ್ಲಿ ಇದೇ ಪ್ರಯೋಗಕ್ಕೆ ನಲವತ್ತಕ್ಕೆ ನಲವತ್ತು ಪಡೆದಿದ್ದರು. ಆ ದಿನ ಚುಕ್ಕೆಗಳನ್ನು ಅವರು ಅಳೆದೇ ಇರಲಿಲ್ಲ. ಉತ್ತರ ಗೊತ್ತಿತ್ತು, ಅದಕ್ಕೆ ಹೊಂದುವ ಅಂಕಿಗಳನ್ನು ಬರೆದಿದ್ದರು. ಆಮೇಲೆ ತಮ್ಮ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತ ಬಂದಿದ್ದರು.

ಮನೆಯಲ್ಲಿ ತಂದೆಯ ಮುಂದೆ ಕುಳಿತು ಕೇಳಿದರು. "ಅಬ್ಬಾ, ಎಣಿಸೂದ್ರಾಗ ಏನರ ತಪ್ಪಾಗಿರಬಹುದಾ? ನಿಮ್ಮ ಕಣ್ಣು ಮೊದಲಿನಂಗ ಇಲ್ಲಲ್ಲ."

ಜಂಗ್ಲಿಸಾಬರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ನೂಲು ಕೊಡವ್ರು, ಸೀರಿ ಒಯ್ಯವ್ರು, ಯಾರೂ ಇಲ್ಲೀತನಾ ನನ್ನ ಎಣಿಕಿ ತಪ್ಪಂದಿಲ್ಲ. ನೀ ಅಂದಿ." ಊಟ ಮುಗಿದ ಮೇಲೆ ತಾವಾಗಿ ಕೇಳಿದರು. "ಆ ತುಂಡು ಹ್ಯಾಂಗ ಹಿಡದಿದ್ರಿ? ಕೈಯಾಗ?"

"ಇಲ್ಲ, ಕಸೂತಿ ಬಳಿಗೆ ಎಳದು ಕಟ್ಟೇವಿ."

"ಎಳದು?"

"ಹೌದು, ಬಿಗಿಯಾಗಿ."

ಜಂಗ್ಲಿಸಾಬರು ಮಗಳ ಮುಖವನ್ನು ನೋಡಿದರು. "ಮಗ್ಗದ ಮ್ಯಾಲಿದ್ದಾಗ ಅರಿವಿ ಅಗಲ ಇರ್ತೈತಿ, ಇಳಿಸಿದ ಮ್ಯಾಲ ಕುಗ್ಗತೈತಿ. ಆಗ ಎಳಿ ಹತ್ರ ಬರ್ತಾವು. ನಾ ಎಣಿಸಿದ್ದು ಕುಗ್ಗಿದ ತುಂಡು. ನೀ ಅದನ್ನ ಎಳದಿ, ಎಳಿ ದೂರ ಸರದಾವು. ಎಳದು ಕಟ್ಟಿದ್ದನ್ನ ಎಣಿಸಬೇಕವ್ವಾ."

ಬೆಳಕು ಸಂದಿನಲ್ಲಿ ಹಾಯ್ದು ಹರಡುವ ವಿವರ್ತನೆಯ ಪಾಠವನ್ನು ಸೈರಾಬಾನು ಎಷ್ಟೋ ಸಲ ಮಾಡಿದ್ದರು. ಆದರೆ ಎಳೆಗಳು ಸರಿಯಬಹುದು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ಆ ಬಳಿ ಎಲ್ಲೈತಿ?"

"ಕಾಲೇಜಿನ್ಯಾಗ."

"ಮುಂಜಾನಿ ನಾನೂ ಬರ್ತೀನಿ."

ಮರುದಿನ ಜಂಗ್ಲಿಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಮಗಳ ಜೊತೆ ಬಸ್ಸು ಹತ್ತಿದರು. ಪ್ರಯೋಗಶಾಲೆಯಲ್ಲಿ ಬಳೆಯನ್ನು ಯಾರೂ ಸಡಿಲಿಸಿರಲಿಲ್ಲ. ಅವರು ಸ್ಟೂಲಿನ ಮೇಲೆ ಕುಳಿತು ಬಾಗಿದರು.

"ಎಂಬತ್ತೈದು," ಎಂದರು. ಆಮೇಲೆ ಭೂತಗನ್ನಡಿಯನ್ನು ರೂಪಾಳ ಕೈಗೆ ಕೊಟ್ಟರು. "ನಾ ಹೇಳಿದ್ದು ನಂಬಬ್ಯಾಡ. ನೀನೂ ಎಣಿಸು."

ರೂಪಾ ಎರಡು ಸಲ ಎಣಿಸಿದಳು. ಮೊದಲ ಸಲ ಎಂಬತ್ತಮೂರಕ್ಕೆ ದಾರಿ ತಪ್ಪಿತು. ಎರಡನೆಯ ಸಲ ಎಂಬತ್ತೈದು ಸಿಕ್ಕಿತು. ಹೊಸ ಲೆಕ್ಕ ಆರುನೂರ ಮೂವತ್ತೊಂಬತ್ತಕ್ಕೆ ಬಂದು ನಿಂತಿತು.

"ಇನ್ನೂ ಹನ್ನೊಂದು ಕಡಿಮಿ ಐತಲ್ರಿ," ಎಂದ ಬಸ್ಯಾ.

"ಇರಲಿ," ಎಂದರು ಸೈರಾಬಾನು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಒಂದ ಎಳಿ ಹೆಚ್ಚುಕಡಿಮಿ ಆದ್ರ ಎಷ್ಟ ಫರಕ ಬರ್ತೈತಿ, ಅಳತಿ ಪಟ್ಟಿ ಮ್ಯಾಲಿನ ಒಂದ ಗೆರಿ ತಪ್ಪಿದ್ರ ಎಷ್ಟ, ಅದನ್ನೂ ಲೆಕ್ಕ ಹಾಕಿ ಬರೀರಿ. ನಿನ್ನೆ ನಾ ರೂಪಾಗ ಹೇಳಿದ್ದು ತಪ್ಪು. ನಾ ಕಲಿಯೂವಾಗ ಇದನ್ನ ಅಳೀಲೇ ಇಲ್ಲ, ಉತ್ತರ ನೋಡಿ ಅಂಕಿ ಬರದೆ. ಖರೇ ಹೇಳಬೇಕಂದ್ರ, ಬೆಳಕನ್ನ ಅಳದದ್ದು ನಾನೂ ಇವತ್ತೇ ನೋಡಿದ್ದು."

ಕೋಣೆಯಲ್ಲಿ ಯಾರೂ ನಗಲಿಲ್ಲ. ಜಂಗ್ಲಿಸಾಬರು ಮಗಳನ್ನೊಮ್ಮೆ ನೋಡಿ, ಗೋಡೆಯ ಮೇಲಿನ ಕೆಂಪು ಚುಕ್ಕೆಗಳತ್ತ ತಿರುಗಿದರು. "ಬಳಿ ಸ್ವಲ್ಪ ಸಡಲ ಮಾಡ್ರಿ, ನೋಡೂಣು," ಎಂದರು. ಬಸ್ಯಾ ಸಡಿಲಿಸಿದ. ಚುಕ್ಕೆಗಳು ಕೂದಲೆಳೆಯಷ್ಟು ದೂರ ದೂರ ಸರಿದವು. "ಎಳಿ ಹತ್ರ ಬಂದ್ರ ಇವು ದೂರ ಹೊಕ್ಕಾವು!" ಎಂದು ಅವರು ತೊಡೆ ತಟ್ಟಿ ನಕ್ಕರು.

ಪರೀಕ್ಷೆಯ ದಿನ ಗದಗಿನಿಂದ ಬಂದ ಪರೀಕ್ಷಕರು, ಮತ್ತೆ ಮೊದಲಿನಷ್ಟೇ ಬಿಗಿದಿದ್ದ ಕಸೂತಿಯ ಬಳೆಯನ್ನು ಅನುಮಾನದಿಂದ ನೋಡಿದರು. ರೂಪಾಳ ಉತ್ತರ ಆರುನೂರ ಮೂವತ್ತೊಂಬತ್ತು, ಹತ್ತು ಆಚೀಚೆ ಇರಬಹುದು ಎಂದಿತ್ತು. "ಎಂಬತ್ತೈದು ಎಳೆ ಅಂತ ಯಾರು ಹೇಳಿದರು?" ಎಂದು ಕೇಳಿದರು.

"ಎಣಿಸೇನ್ರಿ ಸರ್," ಎನ್ನುತ್ತ ರೂಪಾ, ಜಂಗ್ಲಿಸಾಬರು ಬಿಟ್ಟುಹೋಗಿದ್ದ ಭೂತಗನ್ನಡಿಯನ್ನು ಅವರ ಮುಂದಿಟ್ಟಳು.

ಪರೀಕ್ಷಕರು ಕನ್ನಡಕ ಹಣೆಗೇರಿಸಿ ಬಾಗಿದರು. ಐದು ನಿಮಿಷವಾಯಿತು. "ಎಂಬತ್ತಾರು," ಎಂದರು.

"ಇನ್ನೊಮ್ಮೆ ಎಣಸ್ರಿ ಸರ್," ಎಂದಳು ರೂಪಾ.

ಪರೀಕ್ಷಕರು ಹುಡುಗಿಯನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಸೂಜಿ ಕೇಳಿ ಪಡೆದು, ಮೊದಲ ಎಳೆಯಿಂದ ಮತ್ತೆ ಶುರುಮಾಡಿದರು.